ಕಟ್ಟು ಬಿಚ್ಚುವ ಮುಂಚೆ ಹೇಳಿದ ಸ್ತೋತ್ರ

ನಮ್ಮ ಸಭೆಯಲ್ಲಿ ಭಾನುವಾರದ ಆರಾಧನೆಯ ನಡುವೆ ಸ್ತೋತ್ರದ ಸಮಯ ಎಂದು ಒಂದಿತ್ತು. ಆ ವಾರ ಯಾರಿಗೆ ಏನು ಒಳ್ಳೆಯದಾಗಿದೆಯೋ ಅವರು ಎದ್ದು ನಿಂತು, ಎಲ್ಲರ ಮುಂದೆ ಅದನ್ನು ಹೇಳಿ ದೇವರಿಗೆ ಸ್ತೋತ್ರ ಸಲ್ಲಿಸಬೇಕು. ಮಗನಿಗೆ ಜ್ವರ ಬಿಟ್ಟಿತು, ಸ್ತೋತ್ರ. ಬಾಡಿಗೆಗೆ ಮನೆ ಸಿಕ್ಕಿತು, ಸ್ತೋತ್ರ. ಕಳುವಾಗಿದ್ದ ಸೈಕಲ್ ಸಿಕ್ಕಿತು, ಸ್ತೋತ್ರ. ಬೆಲ್ ಮಾತ್ರ ಇರಲಿಲ್ಲ ಎಂದು ಆ ಸೈಕಲ್ಲಿನವರು ಸೇರಿಸಿದಾಗ ಹಿಂದಿನಿಂದ ಯಾರೋ ಕೆಮ್ಮಿದ್ದರು. ಏಕೆಂದರೆ ಸ್ತೋತ್ರದಲ್ಲಿ 'ಆದರೆ' ಬರುವಂತಿರಲಿಲ್ಲ. ಒಮ್ಮೆ ಎದ್ದು ಹೇಳಿದರೆ ಮುಗಿಯಿತು. ಆ ವಿಷಯಕ್ಕಾಗಿ ಸಭೆ ಮತ್ತೆ ಪ್ರಾರ್ಥನೆ ಮಾಡುತ್ತಿರಲಿಲ್ಲ, ಹೇಳಿದವರು ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಲೂ ಇರಲಿಲ್ಲ. ಎಲ್ಲೂ ಬರೆದಿಟ್ಟ ನಿಯಮವಲ್ಲ ಇದು. ಆದರೂ ಮುರಿದವರನ್ನು ನಾನು ಕಂಡಿರಲಿಲ್ಲ.

ಎಂಬತ್ತರ ದಶಕದ ನಡುಭಾಗ. ನಾವು ಕಾಮಾಕ್ಷಿಪಾಳ್ಯದ ಒಂದು ವಠಾರದಲ್ಲಿದ್ದೆವು. ನನ್ನ ಗಂಡ ಮಾಗಡಿ ರಸ್ತೆಯ ಪಕ್ಕದ ಸಣ್ಣದೊಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ನಮ್ಮ ಆರಾಧನೆ ನಡೆಯುತ್ತಿದ್ದುದು ಬಸವೇಶ್ವರನಗರದ ಕಡೆಗೆ ಹೋಗುವ ದಾರಿಯಲ್ಲಿ, ಹಿಂದೆ ಮಗ್ಗದ ಶೆಡ್ ಆಗಿದ್ದ ಒಂದು ಹಾಲಿನಲ್ಲಿ. ಎತ್ತರದ ಗೋಡೆ, ಮೇಲೆ ಸಿಮೆಂಟ್ ಶೀಟು. ಕೆಳಗೆ ಚಾಪೆ ಹಾಸಿ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು ಕೂರುತ್ತಿದ್ದೆವು. ನಮ್ಮ ಪಾಸ್ಟರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದೆವು. ಅಯ್ಯನವರು ತುಂಬ ಸಾಧು ಮನುಷ್ಯ. ಸಭೆಯನ್ನು ನಿಜಕ್ಕೂ ನಡೆಸುತ್ತಿದ್ದವರು ದೊಡ್ಡಮ್ಮ.

ದೊಡ್ಡಮ್ಮ ಯಾರಿಗೂ ದೊಡ್ಡಮ್ಮನಲ್ಲ, ಎಲ್ಲರಿಗೂ ದೊಡ್ಡಮ್ಮ. ವಿಧವೆ, ದೊಡ್ಡ ದನಿ, ಯಾರ ಮನೆಯಲ್ಲಿ ಬಾಣಂತನವಾಗಲಿ ಸಾವಾಗಲಿ ಮೊದಲು ಬಂದು ಒಲೆ ಹಚ್ಚುತ್ತಿದ್ದವರು. ಅವರಿಗೆ ಮಂಡಿನೋವಿತ್ತು. ಹಿಂದಿನ ವರ್ಷದವರೆಗೂ ಹೆಂಗಸರ ಸಾಲಿನ ಕೊನೆಯಲ್ಲಿ ಅವರಿಗೊಂದು ಕುರ್ಚಿ ಇರುತ್ತಿತ್ತು. ಒಂದು ಭಾನುವಾರ ಮಂಡಿ ವಾಸಿಯಾಯಿತು ಎಂದು ಸ್ತೋತ್ರ ಹೇಳಿದರು, ಕುರ್ಚಿಯನ್ನು ಯಾರೋ ಗೋಡೆಯ ಪಕ್ಕಕ್ಕೆ ಸರಿಸಿದರು. ಅಂದಿನಿಂದ ಅವರು ನನ್ನ ಪಕ್ಕ ಚಾಪೆಯ ಮೇಲೆಯೇ ಕೂರುತ್ತಿದ್ದರು. ಏಳುವಾಗ ನನ್ನ ಭುಜ ಹಿಡಿಯುತ್ತಿದ್ದರು. ಆ ಹಿಡಿತಕ್ಕೆ ನನ್ನ ಭುಜ ನೋಯುತ್ತಿತ್ತು. ವಯಸ್ಸಾದ ಮೇಲೆ ಕೈ ಭಾರವಾಗುತ್ತದೇನೋ ಅಂದುಕೊಂಡಿದ್ದೆ.

ಆ ವರ್ಷ ಆಯುಧಪೂಜೆ ಕಳೆದು ಇನ್ನೂ ವರ್ಕ್‌ಶಾಪಿನ ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿಯ ಕೆಂಪು ಕಲೆ ಹೋಗಿರಲಿಲ್ಲ, ಗ್ರೈಂಡಿಂಗ್ ಮಷೀನಿನಿಂದ ಕಬ್ಬಿಣದ ಚೂರೊಂದು ಸಿಡಿದು ನನ್ನ ಗಂಡನ ಎಡಗಣ್ಣಿಗೆ ಬಡಿಯಿತು. ಸುದ್ದಿ ತಂದವನು ಬಾಗಿಲಲ್ಲಿ ನಿಂತು, "ಅಕ್ಕಾ, ಗಾಬರಿ ಆಗ್ಬೇಡಿ" ಅಂದ. ಗಾಬರಿಯಾಗಬೇಡಿ ಎಂದು ಒಳ್ಳೆಯ ಸುದ್ದಿಗೆ ಯಾರೂ ಹೇಳುವುದಿಲ್ಲ.

ಕಣ್ಣಾಸ್ಪತ್ರೆಗೆ ಸೇರಿಸಿದೆವು. ಆಮೇಲಿನ ದಿನಗಳನ್ನು ನಾನು ದಾಟಿದ್ದು ಸಭೆಯವರ ಹೆಗಲ ಮೇಲೆ ಎಂದರೆ ಅದು ಬರೀ ಮಾತಲ್ಲ. ಒಬ್ಬರು ಮಗಳನ್ನು ಅವರ ಮನೆಗೆ ಕರೆದುಕೊಂಡು ಹೋದರು. ಒಬ್ಬರು ಸೀಮೆಎಣ್ಣೆ ಕ್ಯೂನಲ್ಲಿ ನಮ್ಮ ಡಬ್ಬ ಇಟ್ಟುಕೊಂಡು ನಿಂತರು. ದೊಡ್ಡಮ್ಮ ದಿನಾ ಎರಡು ಬಸ್ಸು ಬದಲಿಸಿ, ಟಿಫನ್ ಕ್ಯಾರಿಯರಿನಲ್ಲಿ ಸೊಪ್ಪಿನ ಸಾರು, ಮುದ್ದೆ ತರುತ್ತಿದ್ದರು. ಶುಕ್ರವಾರ ಹೆಂಗಸರೆಲ್ಲ ಉಪವಾಸವಿದ್ದು ಪ್ರಾರ್ಥನೆ ಮಾಡಿದರು. ಅಷ್ಟು ಜನ ನಮಗಾಗಿ ಹಸಿದುಕೊಂಡಿದ್ದಾರೆ ಎಂಬುದು ಧೈರ್ಯ ಕೊಡಬೇಕಿತ್ತು. ನನಗೆ ಅದೂ ಭಯವೇ ಆಯಿತು. ಇದೆಲ್ಲವನ್ನೂ ಹೇಗೆ ತೀರಿಸುವುದು?

ಆಪರೇಷನ್ ಆದ ಮೇಲೆ ಡಾಕ್ಟರು ಹೇಳಿದ್ದು ಎರಡು ಮಾತು. ಆಪರೇಷನ್ ಚೆನ್ನಾಗಿ ಆಗಿದೆ. ದೃಷ್ಟಿ ಬರುತ್ತದೋ ಇಲ್ಲವೋ ಕಟ್ಟು ಬಿಚ್ಚಿದ ಮೇಲೆಯೇ ತಿಳಿಯುವುದು. ನಾನು ಎರಡನ್ನೂ ದೊಡ್ಡಮ್ಮನಿಗೆ ಹೇಳಿದೆ. ಅವರು ಮೊದಲನೆಯದನ್ನು ಕೇಳಿದ್ದೇ ಎರಡೂ ಕೈ ಮೇಲೆತ್ತಿ "ಸ್ತೋತ್ರ!" ಎಂದು ಕೂಗಿದರು. ಎರಡನೆಯದು ಅವರ ಕೂಗಿನಲ್ಲೇ ಮುಳುಗಿಹೋಯಿತು. ವಾರ್ಡಿನ ಆಯಾ ಬಂದು ಸುಮ್ಮನಿರಿ ಎಂದು ಗದರಿಸಿದಳು.

ಭಾನುವಾರದೊಳಗೆ ಕಣ್ಣು ಉಳಿಯಿತು ಎಂಬ ಸುದ್ದಿ ಹೆಗ್ಗನಹಳ್ಳಿಯವರೆಗೂ ಹೋಗಿತ್ತು. ಇವರನ್ನು ಕಟ್ಟಿನ ಸಮೇತ ಮನೆಗೆ ಕಳಿಸಿದ್ದರು, ಬುಧವಾರ ಹೋಗಿ ಬಿಚ್ಚಿಸಬೇಕಿತ್ತು. ಭಾನುವಾರ ಮಧ್ಯಾಹ್ನವೇ ಸಭೆ ನಮ್ಮ ಮನೆಗೆ ಬಂತು. ಗುಣವಾದವರ ಮನೆಯಲ್ಲಿ ಸ್ತೋತ್ರದ ಕೂಟ ಮಾಡುವುದು ನಮ್ಮ ಪದ್ಧತಿ. ಮನೆಯವರು ಅಡುಗೆ ಮಾಡುವ ಹಾಗಿಲ್ಲ, ಬರುವವರೇ ತರಬೇಕು. ಚಾಪೆ ತಂದರು, ಚಿತ್ರಾನ್ನ ತಂದರು, ಹಾರ್ಮೋನಿಯಂ ತಂದರು. ನಮ್ಮ ಒಂದು ಕೋಣೆಯ ಮನೆಯಲ್ಲಿ ಹಿಡಿಸದೆ ಜನ ವಠಾರದ ನಲ್ಲಿಯವರೆಗೂ ಕೂತರು.

ನಾನು ಬಾಗಿಲಲ್ಲಿ ನಿಂತಿದ್ದೆ. ವಠಾರದ ಮಾಲೀಕರ ಹೆಂಡತಿ ಎದುರು ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಈ ಪಾಳ್ಯ ಹೊಲಗಳಾಗಿದ್ದ ಕಾಲದಿಂದ ಇಲ್ಲಿರುವ ಮನೆತನ ಅವರದು.

"ಏನಮ್ಮಾ, ಕಣ್ಣು ಬಂತಾ?" ಅಂದರು.

"ಇಲ್ಲಮ್ಮಾ, ಬುಧವಾರ ಕಟ್ಟು ಬಿಚ್ತಾರೆ."

"ಮತ್ತೆ ಇದೇನು? ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ. ಇಷ್ಟು ಜನದ ಬಾಯಿಗೆ ಬಿದ್ರೆ ದೃಷ್ಟಿ ಆಗಲ್ವಾ? ರಾತ್ರಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೊಡ್ಲಾ?"

ಬೇಡ ಅಂದೆ. ಆದರೆ ಬೇಕು ಅನ್ನಿಸಿತ್ತು. ಹುಟ್ಟಿನಿಂದ ಕ್ರೈಸ್ತಳಾದ ನನಗೆ ಅಂದು ಉಪ್ಪಾದರೂ ಸರಿ ಮೆಣಸಿನಕಾಯಿಯಾದರೂ ಸರಿ, ಒಂದು ಆಧಾರ ಬೇಕಿತ್ತು. ಒಳಗೆ ಎಲ್ಲರೂ ಕೈ ತಟ್ಟಿ ಹಾಡುತ್ತಿದ್ದರು. ಕೊಡದೇ ಇರುವುದಕ್ಕೆ ಹೀಗೆ ಜೋರಾಗಿ ಸ್ತೋತ್ರ ಹೇಳಿದರೆ ದೇವರಿಗೆ ಸಿಟ್ಟು ಬರುವುದಿಲ್ಲವೇ? ಬುಧವಾರ ಕೊಡಬೇಕು ಅಂದುಕೊಂಡಿದ್ದರೂ, ಈ ಜನರ ಅವಸರ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರೆ? ದೊಡ್ಡಮ್ಮನ ಸೆರಗು ಹಿಡಿದು ಎಳೆದು, "ಬುಧವಾರ ಆಗ್ಲಿ ದೊಡ್ಡಮ್ಮಾ" ಅಂದೆ.

"ನಂಬಿಕೆ ಇಲ್ವಾ ನಿಂಗೆ?" ಅಂದರು. ಆ ಪ್ರಶ್ನೆಗೆ ನಮ್ಮ ಸಭೆಯಲ್ಲಿ ಉತ್ತರವೇ ಇಲ್ಲ. ಇದೆ ಅಂದರೆ ಬಾಯಿ ಮುಚ್ಚಬೇಕು, ಇಲ್ಲ ಅಂದರೂ ಬಾಯಿ ಮುಚ್ಚಬೇಕು.

ಇವರನ್ನು ಎಬ್ಬಿಸಿ ನಿಲ್ಲಿಸಿದರು. ಅರ್ಧ ಮುಖಕ್ಕೆ ಬ್ಯಾಂಡೇಜು. "ದೇವರು ನನ್ನ ಕಣ್ಣು ಉಳಿಸಿದ್ದಾನೆ, ಸ್ತೋತ್ರ" ಅಂದರು. ದನಿ ನಡುಗುತ್ತಿತ್ತು. ಕೃತಜ್ಞತೆಯಿಂದ ಎಂದು ಎಲ್ಲರೂ ಅತ್ತರು.

ಬುಧವಾರ ಆಸ್ಪತ್ರೆಗೆ ದೊಡ್ಡಮ್ಮ, ಅಯ್ಯನವರು, ಇನ್ನೂ ಕೆಲವರು ಬಂದರು. ಒಳಗೆ ರೋಗಿಯನ್ನು ಬಿಟ್ಟು ಯಾರಿಗೂ ಪ್ರವೇಶವಿಲ್ಲ. ನಾವು ವರಾಂಡದಲ್ಲಿ ಕಾದೆವು. ಬಾಗಿಲು ತೆರೆಯಿತು. ಇವರು ಬಂದರು, ಕಟ್ಟಿಲ್ಲ. ಕಣ್ಣು ಕೆಂಪಗಿತ್ತು. ಎಲ್ಲರ ಮುಖವನ್ನೂ ಒಂದು ಸಲ ನೋಡಿದರು. ದೊಡ್ಡಮ್ಮ ಆಗಲೇ ಕೈ ಜೋಡಿಸಿ ನಿಂತಿದ್ದರು.

"ಕಾಣ್ತಾ ಇದೆ" ಅಂದರು ಇವರು.

ಮತ್ತೆ ವರಾಂಡ ತುಂಬ ಸ್ತೋತ್ರ. ನಾನು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡೆ. ನನ್ನ ಭಯಕ್ಕೆ ನಾನೇ ಬೈದುಕೊಂಡೆ.

ಸ್ವಲ್ಪ ದಿನ ಸುಖವಾಗಿದ್ದೆ. ಆಮೇಲೆ ಒಂದು ಬೆಳಿಗ್ಗೆ ಇವರು ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಸುರಿದರು. ಕಾಫಿ ಬಟ್ಟಲಿನ ಪಕ್ಕ ನೆಲಕ್ಕೆ ಬಿತ್ತು. ಕೈ ಜಾರಿತು ಅಂದರು. ಕೈ ಜಾರಿರಲಿಲ್ಲ, ನಾನು ನೋಡುತ್ತಿದ್ದೆ. ಕೈ ಸ್ಥಿರವಾಗಿತ್ತು, ಬಟ್ಟಲು ಇರುವ ಜಾಗವೇ ಅವರಿಗೆ ತಪ್ಪಿತ್ತು. ಮರುದಿನ ಹೊಸಿಲು ಎಡವಿದರು. ಆಮೇಲೆ ಊಟಕ್ಕೆ ಕೂತಾಗ ನಾನು ಎಡಗಡೆಯಿಂದ ಸದ್ದಿಲ್ಲದೆ ಹೋಗಿ, ಕೆನ್ನೆಯ ಪಕ್ಕದಲ್ಲೇ ಸೌಟು ಹಿಡಿದು ನಿಂತೆ. ಇವರು ಮುದ್ದೆ ಮುರಿಯುತ್ತಲೇ ಇದ್ದರು. ನಾನು ಇನ್ನೂ ಹತ್ತಿರ ತಂದೆ. ಇವರು ಬಲಗಡೆ ತಿರುಗಿ, "ಎಲ್ಲಿದೀಯ? ಸಾರು ಹಾಕು" ಅಂದರು.

ನಾನು ಸೌಟನ್ನು ಪಾತ್ರೆಗೆ ಹಾಕಿ ಎದುರು ಕೂತೆ.

"ಕಾಣಲ್ಲ ಅಲ್ವಾ?" ಅಂದೆ.

ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಇಟ್ಟರು. ಆಮೇಲೆ ಹೇಳಿದರು. "ಆ ಕಣ್ಣಿಗೆ ಇನ್ನು ದೃಷ್ಟಿ ಬರಲ್ಲ ಅಂದ್ರು ಡಾಕ್ಟ್ರು. ಇನ್ನೊಂದನ್ನ ಹುಷಾರಾಗಿ ನೋಡ್ಕೊ ಅಂದ್ರು."

"ಮತ್ತೆ ಕಾಣ್ತಾ ಇದೆ ಅಂತ ಯಾಕಂದ್ರಿ?"

"ಸ್ತೋತ್ರ ಹೇಳಿ ಆಗಿತ್ತಲ್ಲ ಕಣೇ. ನಮ್ಮನೇಲೇ ಕೂತು, ಹಾಡಿ, ಊಟ ಮಾಡಿ. ಅವ್ರು ಉಪವಾಸ ಇದ್ರು ನಂಗೋಸ್ಕರ. ದೊಡ್ಡಮ್ಮ ಈ ವಯಸ್ಸಲ್ಲಿ ಬಸ್ ಹತ್ತಿ ಇಳಿದು ಅನ್ನ ತಂದ್ರು. ಈಗ ಹೋಗಿ ಇಲ್ಲ ಅಂದ್ರೆ ಅವ್ರ ಪ್ರಾರ್ಥನೆ ಸುಳ್ಳು ಅಂದ ಹಾಗಲ್ವಾ? ಅವ್ರಿಗೆ ವಾಪಸ್ ಕೊಡೋಕೆ ನನ್ನ ಹತ್ರ ಇನ್ನೇನಿದೆ?"

ನನಗೆ ಸಿಟ್ಟು ಬಂತು. ಒಂದು ಕಣ್ಣು ಕಳೆದುಕೊಂಡವರು ಎರಡು ಕಣ್ಣಿದ್ದವರ ಮನಸ್ಸು ನೋಯದ ಹಾಗೆ ನೋಡಿಕೊಳ್ಳುತ್ತಿದ್ದರು! ಆದರೆ ಸಿಟ್ಟಿಗಿಂತ ಭಯ ದೊಡ್ಡದು. ಇವರು ವರ್ಕ್‌ಶಾಪಿನಲ್ಲಿಯೂ ಅದೇ ಸುಳ್ಳು ಹೇಳಿದ್ದರು. ಅಲ್ಲಿ ಡ್ರಿಲ್ಲಿಂಗ್ ಮಷೀನಿಗೆ ನಿಲ್ಲಿಸಿದ್ದರು. ಕಾಫಿ ಬಟ್ಟಲು ಎಲ್ಲಿದೆ ಎಂದು ತಿಳಿಯದ ಮನುಷ್ಯ ತಿರುಗುವ ಕಬ್ಬಿಣದ ಕೆಳಗೆ ಬೆರಳಿಡುತ್ತಿದ್ದಾರೆ! ಬೆಳಿಗ್ಗೆ ಇವರು ಹೋದ ಮೇಲೆ ನನಗೆ ಕೆಲಸದ ಮೇಲೆ ಗಮನವಿರುತ್ತಿರಲಿಲ್ಲ. ವಠಾರದ ಬಾಗಿಲಲ್ಲಿ ಯಾರದಾದರೂ ಓಡುವ ಹೆಜ್ಜೆ ಕೇಳಿದರೆ ಕೈಯಲ್ಲಿದ್ದುದನ್ನು ಬಿಟ್ಟು ಹೊರಗೆ ಬರುತ್ತಿದ್ದೆ. "ಅಕ್ಕಾ, ಗಾಬರಿ ಆಗ್ಬೇಡಿ" ಎಂಬ ಆ ದನಿಗಾಗಿ ಕಾದಿರುತ್ತಿದ್ದೆ. ಸಂಜೆ ಇವರು ಬಂದಾಗ ಮುಖ ನೋಡುವುದಕ್ಕೆ ಮುಂಚೆ ಕೈ ನೋಡುತ್ತಿದ್ದೆ, ಬೆರಳೆಲ್ಲ ಇವೆಯೇ ಎಂದು. ಮಾಗಡಿ ರಸ್ತೆ ದಾಟುವಾಗ ಮಗಳ ಕೈ ಬಿಟ್ಟು ಇವರ ಎಡಗೈ ಹಿಡಿಯುತ್ತಿದ್ದೆ. ಮಗಳು ಅದಕ್ಕೆ ಮುನಿಸಿಕೊಂಡಿದ್ದಳು.

ಎಷ್ಟೋ ಸಲ ಜಗಳವಾಡಿದೆ. "ಯಾರಿಗೂ ಹೇಳಲ್ಲ ಅಂತ ಮಾತು ಕೊಡು" ಅಂದರು. ಕೊಟ್ಟೆ. ಕೊಟ್ಟು ಹೆದರಿದೆ. ಭಾನುವಾರ ಆರಾಧನೆಯಲ್ಲಿ ಯಾರಾದರೂ ಇವರ ಕಡೆ ತೋರಿಸಿ, "ನೋಡಿ, ದೇವರ ಅದ್ಭುತ" ಅಂದರೆ ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನು ದೀನತೆ ಎಂದು ಹೊಗಳುತ್ತಿದ್ದರು.

ಡಿಸೆಂಬರ್ ಹತ್ತಿರ ಬಂತು. ಕ್ರಿಸ್‌ಮಸ್ಸಿನ ನಕ್ಷತ್ರವನ್ನು ಆರಾಧನೆಯ ಹಾಲಿನ ಮಾಡಿನ ತುದಿಗೆ ಕಟ್ಟುವುದು ಪ್ರತಿವರ್ಷ ಇವರ ಸೇವೆ. ಬಿದಿರ ಸೀಳಿನ ಚೌಕಟ್ಟು, ಅದಕ್ಕೆ ಗಾಳಿಪಟದ ಕಾಗದ, ಒಳಗೊಂದು ಬಲ್ಬು. ಹತ್ತಿರದಲ್ಲಿ ಅಷ್ಟು ಎತ್ತರದ ಕಟ್ಟಡವಿಲ್ಲದ್ದರಿಂದ ಅದು ಬಸ್ ಸ್ಟಾಪಿನವರೆಗೂ ಕಾಣುತ್ತಿತ್ತು. ಕಟ್ಟುವುದು ಸುಲಭವಲ್ಲ. ಬಿದಿರ ಏಣಿ ಹತ್ತಿ ಸಿಮೆಂಟ್ ಶೀಟಿನ ಮೇಲೆ ನಡೆಯಬೇಕು. ಶೀಟಿನ ಕೆಳಗೆ ತೊಲೆ ಇರುವ ಕಡೆ ಬೋಲ್ಟುಗಳ ಸಾಲಿರುತ್ತದೆ. ಆ ಸಾಲಿನ ಮೇಲೆಯೇ ಕಾಲಿಡಬೇಕು. ಒಂದು ಗೇಣು ಆಚೆ ಬಿದ್ದರೆ ಶೀಟು ಮುರಿದು ಮನುಷ್ಯ ಕೆಳಗಿನ ಗಾರೆ ನೆಲಕ್ಕೆ.

ಆ ಶನಿವಾರ ಮಧ್ಯಾಹ್ನ ನಾನು ಇವರ ಕಾಲು ಹಿಡಿಯುವುದೊಂದು ಬಾಕಿ. "ಈ ವರ್ಷ ಬೇರೆ ಯಾರಾದ್ರೂ ಹತ್ತಲಿ" ಅಂದೆ. "ಕಣ್ಣು ಬಂದ ವರ್ಷವೇ ಹತ್ತಲ್ಲ ಅಂದ್ರೆ ಏನಂದ್ಕೋತಾರೆ?" ಅಂದರು. ಅದೂ ಸರಿಯೇ. ದೊಡ್ಡಮ್ಮ ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದರು, ಈ ವರ್ಷದ ನಕ್ಷತ್ರ ಸ್ತೋತ್ರದ ನಕ್ಷತ್ರ ಎಂದು.

ಗಂಡಸರು ಏಣಿ ಹಿಡಿದರು. ಹೆಂಗಸರು ಅಂಗಳದಲ್ಲಿ ನಿಂತು ಹಾಡು ಶುರು ಮಾಡಿದರು. ಏಣಿ ಹತ್ತುವುದು ಕೈ ಕಾಲಿಗೆ ಗೊತ್ತಿದ್ದ ಕೆಲಸ, ಹತ್ತಿದರು. ಶೀಟಿನ ಮೇಲೆ ನಿಂತರು. ಒಂದು ಹೆಜ್ಜೆ ಇಟ್ಟರು. ಇನ್ನೊಂದು. ನಕ್ಷತ್ರದ ಕೋಲನ್ನು ತುದಿಗೆ ಸಿಕ್ಕಿಸಿ ತಂತಿ ಸುತ್ತಿದರು. ಕೆಳಗೆ ಚಪ್ಪಾಳೆ. ತಿರುಗಿದರು. ತಿರುಗಿದಾಗ ಬೋಲ್ಟಿನ ಸಾಲು ಅವರ ಎಡಕ್ಕೆ ಬಂತು, ಕಾಣದ ಕಡೆಗೆ. ಅವರ ಎಡಗಾಲು ಮೆಲ್ಲನೆ ಮೇಲೆದ್ದದ್ದನ್ನು ನೋಡಿದೆ. ಅದು ಎಲ್ಲಿ ಇಳಿಯುತ್ತದೆ ಎಂಬುದು ನನಗೆ ಕಾಣುತ್ತಿತ್ತು, ಅವರಿಗೆ ಕಾಣುತ್ತಿರಲಿಲ್ಲ.

"ಕಾಲಿಡಬೇಡಿ!" ಎಂದು ಕಿರುಚಿದೆ. ತಡವಾಗಿತ್ತು. ಲಟಕ್ಕೆಂದು ಶೀಟು ಮುರಿಯಿತು. ಮೊಣಕಾಲಿನವರೆಗೂ ಕಾಲು ಒಳಗೆ ಹೋಯಿತು. ಅವರು ಮುಂದಕ್ಕೆ ಬಿದ್ದು ಎರಡೂ ಕೈಯಿಂದ ಶೀಟನ್ನು ತಬ್ಬಿಕೊಂಡರು. ಚೂರುಗಳು ಒಳಗೆ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

ಯಾರೋ, "ನೋಡ್ಕೊಂಡು ಬಾ ಗುರು, ಬಲಗಡೆ ನೋಡು, ಎಡಗಡೆ ನೋಡು" ಎಂದು ಕೂಗಿದರು.

"ನೋಡೋಕಾಗಲ್ಲ ಅವ್ರಿಗೆ!" ಅಂದೆ. ನನ್ನ ದನಿ ನನ್ನದೆನ್ನಿಸಲಿಲ್ಲ. "ಎಡಗಣ್ಣು ಕಾಣಲ್ಲ. ಬಂದೇ ಇಲ್ಲ. ಯಾವತ್ತೂ ಬರ್ಲಿಲ್ಲ!"

ಹಾಡು ನಿಂತಿತು. ಪಕ್ಕದ ಬೀದಿಯ ಮಗ್ಗದ ಸದ್ದು ಕೇಳಿಸಿತು. ಮೇಲೆ ಇವರು ಶೀಟಿಗೆ ಮುಖವೊತ್ತಿ ಮಲಗಿದ್ದರು. ಈಗ ಬಿದ್ದರೆ ನಾನು ಕೂಗಿದ್ದಕ್ಕೇ ಬಿದ್ದರು ಅನ್ನಿಸಿತು.

ಮೊದಲು ಬಾಯಿ ತೆರೆದವರು ದೊಡ್ಡಮ್ಮ. ಹಾಡು ಎತ್ತಿಕೊಡುವ ಅದೇ ದನಿ.

"ಕಾಲು ಮೆಲ್ಲಗೆ ಮೇಲಕ್ಕೆ ತಗೊಳಪ್ಪಾ. ಹಾಂ. ಕೈಯಲ್ಲಿ ಬೋಲ್ಟು ಸಿಗುತ್ತಾ ನೋಡು. ಸಿಗ್ತಾ? ಅದರ ಮೇಲೇ ಮಂಡಿ ಊರು."

ಇವರು ತೆವಳಿದರು. ಏಣಿಯ ಹತ್ತಿರ ಬಂದು ಕಾಲು ಕೆಳಗೆ ಬಿಟ್ಟರು. ಕಾಲು ಮೆಟ್ಟಿಲು ಸಿಗದೆ ಗಾಳಿಯಲ್ಲಿ ಹುಡುಕಾಡಿತು. ಆಗ ಎಲ್ಲರೂ ಶುರು ಮಾಡಿದರು. "ಇನ್ನೂ ಕೆಳಗೆ." "ಸ್ವಲ್ಪ ಬಲಕ್ಕೆ." "ಅಲ್ಲೇ, ಅಲ್ಲೇ, ಊರು." ಏಣಿ ಹಿಡಿದಿದ್ದವರು ಒಂದೊಂದು ಮೆಟ್ಟಿಲನ್ನೂ ಕೈಯಿಂದ ತಟ್ಟಿ ಸದ್ದು ಮಾಡಿದರು, ಎಲ್ಲಿದೆ ಎಂದು ಕಿವಿಗೆ ತಿಳಿಯಲಿ ಎಂದು. ಅಯ್ಯನವರು ಬಿಳಿ ಪಂಚೆ ಎತ್ತಿ ಕಟ್ಟಿ ಅರ್ಧ ಏಣಿ ಹತ್ತಿ, ಇವರ ಪಾದವನ್ನು ಹಿಡಿದು ಮೆಟ್ಟಿಲ ಮೇಲಿಟ್ಟರು. ಅದರ ಪ್ರತಿಯೊಂದು ಗಳಿಗೆಯಲ್ಲೂ ನಾನು ಹೆದರಿ ಸತ್ತೆ. ಆದರೆ ಅಂದು ಮೊದಲ ಬಾರಿಗೆ ನಾನೊಬ್ಬಳೇ ಹೆದರುತ್ತಿರಲಿಲ್ಲ.

ಕೆಳಗಿಳಿದರು. ಮೀನಖಂಡ ತರಚಿ ರಕ್ತ ಬರುತ್ತಿತ್ತು. ದೊಡ್ಡಮ್ಮ ಬಂದು ಇವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಆ ಕಣ್ಣನ್ನು ನೋಡಿದರು.

"ಯಾಕಪ್ಪಾ ಹೇಳ್ಲಿಲ್ಲ?"

"ನೀವೆಲ್ಲಾ ಸ್ತೋತ್ರ ಹೇಳ್ಬಿಟ್ಟಿದ್ರಲ್ಲ ದೊಡ್ಡಮ್ಮಾ."

ದೊಡ್ಡಮ್ಮ ಇವರ ಮುಖದಿಂದ ಕೈ ತೆಗೆದರು. ಸೋಮವಾರ ಅಯ್ಯನವರೇ ಇವರ ಜೊತೆ ವರ್ಕ್‌ಶಾಪಿಗೆ ಹೋಗಿ, ಮಷೀನಿನಿಂದ ಬಿಡಿಸಿ ಬೇರೆ ಕೆಲಸ ಕೊಡುವಂತೆ ಮಾಲೀಕರನ್ನು ಕೇಳುವುದೆಂದು ಗಂಡಸರು ಅಲ್ಲೇ ಮಾತಾಡಿಕೊಂಡರು. ದೊಡ್ಡಮ್ಮ ಆ ಮಾತಿಗೆ ಸೇರದೆ ಮನೆಗೆ ಹೋದರು. ನಮ್ಮ ಮೇಲೆ ಬೇಸರವಾಯಿತೇ, ನಾಳೆ ಎಲ್ಲರ ಮುಂದೆ ಏನಾದರೂ ಅಂದುಬಿಟ್ಟರೆ ಎಂದು ನನಗೆ ಹೊಸ ಭಯ ಹತ್ತಿತು.

ಮರುದಿನ ಆರಾಧನೆಯಲ್ಲಿ ಮುರಿದ ಶೀಟಿನ ಕಿಂಡಿಯಿಂದ ಬಿಸಿಲು ಚಾಪೆಯ ಮೇಲೆ ಬಿದ್ದಿತ್ತು. ಸ್ತೋತ್ರದ ಸಮಯ ಎಂದು ಅಯ್ಯನವರು ಹೇಳಿದರು. ಯಾರೂ ಏಳಲಿಲ್ಲ. ಯಾವಾಗಲೂ ನಾ ಮುಂದು ತಾ ಮುಂದು ಎನ್ನುತ್ತಿದ್ದವರು ಬೈಬಲ್ಲಿನ ಹಾಳೆ ತಿರುಗಿಸುತ್ತಿದ್ದರು. ನನ್ನ ಭುಜದ ಮೇಲೆ ಆ ಭಾರದ ಕೈ ಬಿತ್ತು. ದೊಡ್ಡಮ್ಮ ಎದ್ದರು. ಏಳುವುದಕ್ಕೆ ಬಹಳ ಹೊತ್ತಾಯಿತು. ಅವರು ಹಲ್ಲು ಕಚ್ಚಿದ್ದು ನನಗೆ ಕಾಣಿಸಿತು.

"ಹೋದ ವರ್ಷ ನನ್ನ ಮಂಡಿ ವಾಸಿ ಆಯ್ತು ಅಂತ ಸ್ತೋತ್ರ ಹೇಳಿದ್ದೆ" ಅಂದರು. "ವಾಸಿ ಆಗಿಲ್ಲ. ಆವತ್ತು ಒಂದಿನ ನೋವಿರಲಿಲ್ಲ, ಅವಸರ ಮಾಡ್ದೆ. ಆಮೇಲೆ ಹೇಳೋಕೆ ಭಯ ಆಯ್ತು. ಒಂದು ವರ್ಷದಿಂದ ಈ ನೆಲದ ಮೇಲೆ ಕೂತು ಸಾಯ್ತಾ ಇದೀನಿ." ಗೋಡೆಯ ಕಡೆ ಕೈ ತೋರಿಸಿದರು. "ಯಾರಾದ್ರೂ ನನ್ನ ಕುರ್ಚಿ ತಂದ್ಕೊಡ್ರಪ್ಪಾ."

ಗಂಡಸರ ಸಾಲಿನಿಂದ ಇವರು ಎದ್ದರು. ಗೋಡೆಯ ಪಕ್ಕದಲ್ಲಿದ್ದ ಕುರ್ಚಿ ಎತ್ತಿಕೊಂಡು, ದಾರಿಯಲ್ಲಿ ಅಯ್ಯನವರ ಮೇಜಿನ ಮೂಲೆಗೆ ಎಡಸೊಂಟ ತಾಗಿಸಿಕೊಂಡು, ದೊಡ್ಡಮ್ಮನ ಹಿಂದೆ ತಂದು ಇಟ್ಟರು. ಸರಿಯಾಗಿಯೇ ಇಟ್ಟೆ ಅಂದುಕೊಂಡು ಕೈ ಬಿಟ್ಟರು. ಕುರ್ಚಿ ಒಂದು ಮೊಳ ದೂರದಲ್ಲಿತ್ತು. ದೊಡ್ಡಮ್ಮ ಹಾಗೇ ಹಿಂದಕ್ಕೆ ಕೂತುಬಿಟ್ಟರೆ ಎಂದು ಹೆದರಿ ಕೂಗುವುದಕ್ಕೆ ಬಾಯಿ ತೆರೆದೆ.

ದೊಡ್ಡಮ್ಮ ತಿರುಗಿ ಕುರ್ಚಿಯನ್ನು ನೋಡಿದರು, ಇವರನ್ನು ನೋಡಿದರು. ಹತ್ತಿರಕ್ಕೆ ಎಳೆಯಲು ಯಾರಿಗೂ ಹೇಳಲಿಲ್ಲ. ಆ ನೋಯುವ ಕಾಲನ್ನು ತಾವೇ ಎಳೆದುಕೊಂಡು ಅದಿದ್ದ ಕಡೆಗೆ ಹೋಗಿ ಕೂತರು.